ಕಚೇರಿ, ಕ್ಲಿನಿಕ್, ಕಾರ್ಖಾನೆ: ಕ್ಲೀನಿಂಗ್ ಕಾಂಟ್ರಾಕ್ಟ್ ಗೆಲ್ಲುವ 12 ಸೂತ್ರಗಳು

ಮನೆಗಳ ಡೀಪ್ ಕ್ಲೀನಿಂಗ್‌ನಿಂದ ಶುರು ಮಾಡಿದ್ದೀರಿ. ನಾಲ್ಕೈದು ಜನರ ಟೀಮ್ ಇದೆ. ಒಂದು ವ್ಯಾಕ್ಯೂಮ್, ಒಂದು ಸಿಂಗಲ್ ಡಿಸ್ಕ್ ಮಷೀನ್ ಇದೆ. ಶನಿವಾರ, ಭಾನುವಾರ ಊಟಕ್ಕೂ ಬಿಡುವಿಲ್ಲ. ಮಂಗಳವಾರ ಬಂತೆಂದರೆ ಫೋನ್ ರಿಂಗ್ ಆಗುವುದೇ ಇಲ್ಲ. ಈ ಏರುಪೇರಿನಿಂದ ಹೊರಬರಬೇಕಾದರೆ ತಿಂಗಳು ತಿಂಗಳು ಬಿಲ್ ಆಗುವ ಕಮರ್ಷಿಯಲ್ ಕ್ಲೈಂಟ್ ಬೇಕು.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಮನೆಯವರು ದುಡ್ಡು ಕೊಡುವುದು ನೆಲ ಹೊಳೆಯಲಿ ಎಂದು. ಕಚೇರಿಯವರು ದುಡ್ಡು ಕೊಡುವುದು ಬೆಳಗ್ಗೆ ತಲೆನೋವು ಇರದಿರಲಿ ಎಂದು. ಏಳು ಗಂಟೆಗೆ ಜನ ಬಂದರಾ? ಟಾಯ್ಲೆಟ್ ಬಗ್ಗೆ ಯಾರಾದರೂ ದೂರಿದರಾ? ಕಾಗದಪತ್ರ ಸರಿ ಇದೆಯಾ? ಅಡ್ಮಿನ್ ಮ್ಯಾನೇಜರ್ ತಲೆಯಲ್ಲಿ ಓಡುವುದು ಇಷ್ಟೇ. ಈ ಮೂರಕ್ಕೂ ‘ಎಲ್ಲ ಸರಿಯಾಗಿದೆ’ ಎನ್ನುವ ಉತ್ತರ ಕೊಡಬಲ್ಲವರಿಗೆ ಕಾಂಟ್ರಾಕ್ಟ್ ಸಿಗುತ್ತದೆ.

1. ‘ನಾವು ಸಣ್ಣವರು’ ಎನ್ನುವುದನ್ನು ಇವತ್ತೇ ನಿಲ್ಲಿಸಿ

ಅದು ವಿನಯ ಅಲ್ಲ, ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು. ನೂರಾರು ಸೈಟ್ ನಡೆಸುವ ದೊಡ್ಡ ಏಜೆನ್ಸಿಗೆ ಮೂರು ಜನ ಬೇಕಾಗುವ ಒಂದು ಡೆಂಟಲ್ ಕ್ಲಿನಿಕ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ದೂರು ಕೊಟ್ಟರೆ ಟಿಕೆಟ್ ನಂಬರ್ ಸಿಗುತ್ತದೆ. ನಿಮ್ಮಲ್ಲಿ ಮಾಲೀಕರೇ ಫೋನ್ ಎತ್ತುತ್ತಾರೆ, ಅರ್ಧ ಗಂಟೆಯಲ್ಲಿ ಸೈಟ್‌ನಲ್ಲಿರುತ್ತಾರೆ. ಇದೇ ನಿಮ್ಮ ಮಾರಾಟದ ಮೊದಲ ವಾಕ್ಯವಾಗಲಿ.

2. ಒಂದು ಬಗೆಯ ಗ್ರಾಹಕರನ್ನು, ಒಂದು ಏರಿಯಾವನ್ನು ಆರಿಸಿಕೊಳ್ಳಿ

ವಿಸಿಟಿಂಗ್ ಕಾರ್ಡ್‌ನಲ್ಲಿ ‘ಎಲ್ಲ ಬಗೆಯ ಕ್ಲೀನಿಂಗ್’ ಎಂದು ಹಾಕಿಸಬೇಡಿ. ಎಲ್ಲವನ್ನೂ ಮಾಡುತ್ತೇವೆ ಎನ್ನುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಕ್ಷೇತ್ರದ ಕಷ್ಟವೂ ಬೇರೆ. ಆ ಕಷ್ಟವನ್ನು ಅವರ ಭಾಷೆಯಲ್ಲೇ ಹೇಳಬಲ್ಲವರಿಗೆ ಬಾಗಿಲು ತೆರೆಯುತ್ತದೆ.

ಕ್ಲಿನಿಕ್, ನರ್ಸಿಂಗ್ ಹೋಮ್ ಬೇಕೇ? 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮಗಳನ್ನು ಓದಿ. ರಕ್ತ ಸೋಕಿದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಟ್ಯೂಬ್ ಕೆಂಪಿಗೆ, ಸೂಜಿ ಬಿಳಿಯ ಗಟ್ಟಿ ಡಬ್ಬಕ್ಕೆ, ಗಾಜು ನೀಲಿಗೆ. ನಿಮ್ಮ ಹುಡುಗರಿಗೆ ಇದು ನಿದ್ದೆಯಲ್ಲೂ ಗೊತ್ತಿರಬೇಕು. ದರ್ಶಿನಿಗಳು ಬೇಕೇ? ರಾತ್ರಿ ಬಾಗಿಲು ಹಾಕಿದ ಮೇಲೆ, ಬೆಳಗ್ಗೆ ಇಡ್ಲಿ ಪಾತ್ರೆ ಒಲೆಗೆ ಏರುವ ಮುಂಚೆ ಸಿಗುವ ಕೆಲವೇ ಗಂಟೆಗಳಲ್ಲಿ ಚಿಮಣಿ, ಚರಂಡಿ ಜಿಡ್ಡು ತೆಗೆಯಬಲ್ಲ ನೈಟ್ ಟೀಮ್ ಕಟ್ಟಿ. ಪೀಣ್ಯದ ಮಷೀನ್ ಶಾಪ್‌ಗಳು ಬೇಕೇ? ಅಲ್ಲಿಯ ಶತ್ರು ಧೂಳಲ್ಲ, ನೆಲಕ್ಕೆ ಬಿದ್ದ ಕಟಿಂಗ್ ಆಯಿಲ್. ಡಿಗ್ರೀಸರ್ ಮತ್ತು ವೆಟ್ ವ್ಯಾಕ್ಯೂಮ್ ಇಲ್ಲದೆ ಒಳಗೆ ಕಾಲಿಡಬೇಡಿ. ಜಾರಿ ಬೀಳುವ ಒಬ್ಬ ಆಪರೇಟರ್‌ನಿಂದ ಮಾಲೀಕರಿಗೆ ಆಗುವ ನಷ್ಟವನ್ನು ವಿವರಿಸಿ, ಆಮೇಲೆ ರೇಟ್ ಮಾತಾಡಿ.

ಏರಿಯಾ ವಿಷಯದಲ್ಲೂ ಹೀಗೆಯೇ. ಒಂದು ಸೈಟ್ ಜಯನಗರದಲ್ಲಿ, ಇನ್ನೊಂದು ಯಲಹಂಕದಲ್ಲಿ ಇದ್ದರೆ ನಿಮ್ಮ ಲಾಭ ಟ್ರಾಫಿಕ್‌ನಲ್ಲೇ ಕರಗುತ್ತದೆ. ಹುಬ್ಬಳ್ಳಿಯವರಾದರೆ ಗೋಕುಲ ರಸ್ತೆಯನ್ನು, ಮಂಗಳೂರಿನವರಾದರೆ ಬೈಕಂಪಾಡಿಯನ್ನು, ಬೆಳಗಾವಿಯವರಾದರೆ ಉದ್ಯಮಬಾಗವನ್ನು ಮೊದಲು ಪೂರ್ತಿ ಹಿಡಿಯಿರಿ. ಸೈಟ್‌ಗಳು ಹತ್ತಿರ ಹತ್ತಿರ ಇದ್ದಾಗ ಒಬ್ಬ ಸೂಪರ್‌ವೈಸರ್ ನಾಲ್ಕನ್ನು ನೋಡಿಕೊಳ್ಳಬಲ್ಲರು, ರಜೆಯಲ್ಲಿರುವವರ ಬದಲು ಬರುವ ಒಬ್ಬ ರಿಲೀವರ್ ಎಲ್ಲಿಗೆ ಬೇಕಾದರೂ ನಡೆದೇ ಹೋಗಬಲ್ಲರು.

3. ಫೈಲ್ ರೆಡಿ ಇಡಿ

ಜಿಎಸ್‌ಟಿ, ಪ್ಯಾನ್, ಉದ್ಯಮ್ ನೋಂದಣಿ, ಪಿಎಫ್, ಇಎಸ್‌ಐ, ಕ್ಯಾನ್ಸಲ್ ಮಾಡಿದ ಚೆಕ್, ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್. ಇವೆಲ್ಲ ಒಂದೇ ಪಿಡಿಎಫ್‌ನಲ್ಲಿರಲಿ. ಕೇಳಿದ ಹತ್ತು ನಿಮಿಷದಲ್ಲಿ ಕಳಿಸಿ.

ಕಂಪನಿಗಳು ಇಷ್ಟೆಲ್ಲ ಕೇಳುವುದು ನಿಮ್ಮನ್ನು ಸತಾಯಿಸಲು ಅಲ್ಲ. ಗುತ್ತಿಗೆದಾರರು ಸಂಬಳ ಕೊಡದಿದ್ದರೆ, ಪಿಎಫ್ ಕಟ್ಟದಿದ್ದರೆ ಹೊಣೆ ಕೊನೆಗೆ ಮೂಲ ಮಾಲೀಕರ, ಅಂದರೆ ಕೆಲಸ ಕೊಟ್ಟ ಕಂಪನಿಯ ತಲೆಗೇ ಬರುತ್ತದೆ. ಆ ಭಯವನ್ನು ನಿಮ್ಮ ಫೈಲ್ ಹೋಗಲಾಡಿಸಬೇಕು. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ. ಆದರೆ ಕಂಪನಿಗಳ ಹಿಂದೆ ಹೋಗುವವರು ಅಲ್ಲಿಯವರೆಗೆ ಕಾಯಬೇಡಿ. ಸಿಬ್ಬಂದಿ 10 ಜನರಾದರೆ ಇಎಸ್‌ಐ, 20 ಜನರಾದರೆ ಪಿಎಫ್ ಕಡ್ಡಾಯ. ಪಿಎಫ್‌ಗೆ ಅದಕ್ಕೂ ಮುಂಚೆ ಸ್ವಇಚ್ಛೆಯಿಂದ ಸೇರಬಹುದು. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಯಿಂದ ದೂರ ಇರಿ. ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧು ಪೋರ್ಟಲ್ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಫಾರ್ಮ್‌ಗಳನ್ನೇ ನಂಬಿ ಕೂರದೆ ಒಬ್ಬ ಒಳ್ಳೆಯ ಲೇಬರ್ ಕನ್ಸಲ್ಟೆಂಟ್ ಜೊತೆ ಒಂದು ಗಂಟೆ ಕೂತು ಎಲ್ಲವನ್ನೂ ಸರಿಪಡಿಸಿಕೊಳ್ಳಿ.

4. ನಿರ್ಧಾರ ಮಾಡುವವರ ಬಳಿಗೇ ಹೋಗಿ

ರಿಸೆಪ್ಶನ್‌ನಲ್ಲಿ ಪಾಂಪ್ಲೆಟ್ ಕೊಟ್ಟು ಬಂದರೆ ಅದು ಸೀದಾ ಕಸದ ಬುಟ್ಟಿಗೆ. ಐಟಿ ಕಚೇರಿಯಲ್ಲಿ ಫೆಸಿಲಿಟಿ ಮ್ಯಾನೇಜರ್, ಶಾಲೆಯಲ್ಲಿ ಟ್ರಸ್ಟ್‌ನ ಕಾರ್ಯದರ್ಶಿ, ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮಾತಿಗೆ ತೂಕ ಹೆಚ್ಚು. ಹೋಟೆಲ್‌ನಲ್ಲಿ ಗಲ್ಲಾದಲ್ಲಿ ಕೂತವರೇ ಎಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಸಂಘದ ಪದಾಧಿಕಾರಿಗಳು. ವಾರ್ಷಿಕ ಸಭೆಯಲ್ಲಿ ಕಮಿಟಿ ಬದಲಾದಾಗ ಗುತ್ತಿಗೆಗಳೂ ಮರುಪರಿಶೀಲನೆಗೆ ಬರುತ್ತವೆ. ಆ ತಿಂಗಳು ಯಾವುದೆಂದು ವಾಚ್‌ಮನ್‌ಗೂ ಗೊತ್ತಿರುತ್ತದೆ, ಕೇಳಿ.

ಫೋನ್ ಮಾಡಿದಾಗ ಸುತ್ತಿ ಬಳಸಿ ಮಾತಾಡಬೇಡಿ. ಹೀಗೆ ಹೇಳಿ: ‘ನಮಸ್ಕಾರ ಮೇಡಂ. ನಿಮ್ಮದೇ ಬಿಲ್ಡಿಂಗ್‌ನ ಎರಡನೇ ಮಹಡಿಯ ಲ್ಯಾಬ್‌ನಲ್ಲಿ ದಿನಾ ಬೆಳಗ್ಗೆ ನಮ್ಮ ಟೀಮ್ ಕೆಲಸ ಮಾಡ್ತಿದೆ. ಒಂದು ಹದಿನೈದು ನಿಮಿಷ ನಿಮ್ಮ ಜಾಗ ನೋಡೋಕೆ ಅವಕಾಶ ಕೊಟ್ಟರೆ ಮರುದಿನ ಸಂಜೆಯೊಳಗೆ ಕೊಟೇಶನ್ ಕಳಿಸ್ತೀನಿ. ಬುಧವಾರ ಬರಲಾ, ಗುರುವಾರ ಬರಲಾ?’ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ದಿನ ಕೇಳದೆ ಮುಗಿಸಿದ ಕರೆ ‘ನೋಡೋಣ’ದಲ್ಲಿ ಮುಗಿಯುತ್ತದೆ.

ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದಂಥ ಸಂಸ್ಥೆಗಳ ಸಭೆಗಳಿಗೂ ಹೋಗಿ. ಸಣ್ಣ ಕಾರ್ಖಾನೆಗಳ ಮಾಲೀಕರು ಒಂದೇ ಕಡೆ ಸಿಗುವುದು ಅಲ್ಲಿ.

5. ಸೈಟ್ ನೋಡದೆ ರೇಟ್ ಹೇಳಬೇಡಿ

‘ಸ್ಕ್ವೇರ್ ಫೀಟ್‌ಗೆ ಎಷ್ಟು?’ ಎಂದು ಫೋನ್‌ನಲ್ಲೇ ಕೇಳುತ್ತಾರೆ. ಹೇಳಬೇಡಿ. ಎರಡು ಕಚೇರಿಗಳ ಅಳತೆ ಒಂದೇ ಇದ್ದರೂ ಒಂದರಲ್ಲಿ ನಾಲ್ಕು ಟಾಯ್ಲೆಟ್, ಇನ್ನೊಂದರಲ್ಲಿ ಹದಿನಾಲ್ಕು ಇರಬಹುದು. ಕೆಲಸದ ಹೊರೆ ಇರುವುದು ಅಲ್ಲಿ.

ನೋಟ್‌ಬುಕ್ ಹಿಡಿದು ಹೋಗಿ. ಟಾಯ್ಲೆಟ್ ಎಷ್ಟು, ಪ್ಯಾಂಟ್ರಿ ಎಷ್ಟು, ಕೆಲಸಕ್ಕೆ ಸಿಗುವ ಸಮಯ ಎಷ್ಟು, ಸಾಮಾನು ಇಡಲು ಜಾಗ ಇದೆಯೇ, ಮಷೀನ್‌ಗೆ ಪ್ಲಗ್ ಪಾಯಿಂಟ್ ಎಲ್ಲಿ, ನೀರು ಬೋರ್‌ವೆಲ್‌ನದೋ ಕಾವೇರಿಯದೋ – ಎಲ್ಲ ಬರೆದುಕೊಳ್ಳಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ನಲ್ಲಿ, ಟೈಲ್ಸ್ ಮೇಲೆ ಬಿಳಿ ಕಲೆ ಕೂರುತ್ತದೆ. ಅದನ್ನು ತೆಗೆಯಲು ಹಿಂದಿನವರು ಆಸಿಡ್ ಸುರಿದಿರುತ್ತಾರೆ, ನಲ್ಲಿಯ ಹೊಳಪು ಹೋಗಿರುತ್ತದೆ. ಮಾರ್ಬಲ್ ಅಂತೂ ಸುಣ್ಣದ ಅಂಶದ ಕಲ್ಲು. ಆಸಿಡ್ ಬಿದ್ದಲ್ಲೆಲ್ಲ ತಿಂದುಹಾಕುತ್ತದೆ. ಅಂಥ ಕಲೆಯನ್ನು ತೋರಿಸಿ, ಅದು ಹೇಗಾಯಿತು, ಮುಂದೆ ಹೇಗೆ ತಡೆಯುತ್ತೀರಿ ಎಂದು ವಿವರಿಸಿ. ಹಿಂದಿನ ಏಜೆನ್ಸಿಯನ್ನು ಬೈಯಬೇಡಿ. ನಿಮ್ಮ ತಿಳಿವಳಿಕೆ ತಾನಾಗಿ ಕಾಣಿಸುತ್ತದೆ.

ಬೆಂಗಳೂರಿನಲ್ಲಿ ನೀರಿನ ಮಾತನ್ನು ತಪ್ಪದೆ ಎತ್ತಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು, ಗಿಡಗಳಿಗೆ ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿದ್ದನ್ನು ಯಾವ ಫೆಸಿಲಿಟಿ ಮ್ಯಾನೇಜರೂ ಮರೆತಿಲ್ಲ. ಬಕೆಟ್‌ಗಟ್ಟಲೆ ನೀರು ಸುರಿಯದೆ ಮೈಕ್ರೋಫೈಬರ್ ಮಾಪ್‌ನಲ್ಲಿ ಕೆಲಸ ಮುಗಿಸುತ್ತೀರಿ ಎಂದರೆ ಟ್ಯಾಂಕರ್ ಬಿಲ್ ಕಟ್ಟುವವರು ಕಿವಿಗೊಡುತ್ತಾರೆ.

6. ರೇಟನ್ನು ಬಿಡಿಸಿ ಬರೆಯಿರಿ

ಈ ವ್ಯವಹಾರದಲ್ಲಿ ಗೆಲುವು ಸೋಲು ನಿರ್ಧಾರವಾಗುವ ಜಾಗ ಇದು. ನಿಧಾನವಾಗಿ ಓದಿ.

ಪಕ್ಕದವರಿಗಿಂತ ಕಡಿಮೆ ಹೇಳಿ ಕಾಂಟ್ರಾಕ್ಟ್ ತೆಗೆದುಕೊಳ್ಳುವುದು ಸುಲಭ. ಆ ಕಡಿಮೆ ಎಲ್ಲಿಂದ ಬರುತ್ತದೆ? ಸಂಬಳದಿಂದ, ಪಿಎಫ್‌ನಿಂದ. ಸಂಬಳ ಕಡಿಮೆಯಾದರೆ ಜನ ನಿಲ್ಲುವುದಿಲ್ಲ. ಜನ ನಿಲ್ಲದಿದ್ದರೆ ಏಳು ಗಂಟೆಗೆ ಸೈಟ್ ಖಾಲಿ. ಆಗ ಹೋಗುವುದು ನಿಮ್ಮ ಹೆಸರು.

ಲೆಕ್ಕ ಹೀಗೆ ಹಾಕಿ. ನಿಮ್ಮ ವಲಯದ ಕನಿಷ್ಠ ವೇತನ ಎಷ್ಟೆಂದು ಸರ್ಕಾರದ ಅಧಿಸೂಚನೆಯಲ್ಲಿ ನೋಡಿ. ಇಲ್ಲಿ ಉದಾಹರಣೆಗೆ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಾಲೀಕರ ಪಾಲಿನ ಪಿಎಫ್ ಇತರ ಶುಲ್ಕ ಸೇರಿ ಶೇ. 13, ಅಂದರೆ 1,950. ಇಎಸ್‌ಐ ಶೇ. 3.25, ಅಂದರೆ 488. ಬೋನಸ್ ಶೇ. 8.33, ಅಂದರೆ 1,250. ಇಲ್ಲಿಗೆ 18,688 ಆಯಿತು. ಕ್ಲೈಂಟ್‌ಗೆ ವಾರದ ಏಳೂ ದಿನ ಜನ ಬೇಕಾದರೆ ಆರು ಜನರ ವಾರದ ರಜೆ ತುಂಬಲು ಒಬ್ಬ ರಿಲೀವರ್ ಬೇಕು. ಆ ಖರ್ಚಿನ ಆರನೇ ಒಂದು ಭಾಗ, 3,115 ಸೇರಿಸಿ. 21,803. ಇದರ ಮೇಲೆ ಶೇ. 8 ಸರ್ವಿಸ್ ಚಾರ್ಜ್ ಹಾಕಿದರೆ 23,547. ಶೇ. 18 ಜಿಎಸ್‌ಟಿ ಸೇರಿ ಒಬ್ಬರಿಗೆ 27,785. ಯೂನಿಫಾರ್ಮ್, ಕೆಮಿಕಲ್, ಮಷೀನ್ ಬಾಡಿಗೆ ಬೇರೆ ಸಾಲಿನಲ್ಲಿ ಬರಲಿ.

ಈ ಪಟ್ಟಿಯನ್ನೇ ಕೊಟೇಶನ್‌ನಲ್ಲಿ ಹಾಕಿ. ಬರೀ ಒಟ್ಟು ಮೊತ್ತ ಕಂಡರೆ ಅವರು ಚೌಕಾಸಿ ಮಾಡುತ್ತಾರೆ. ಬಿಡಿಸಿ ಬರೆದಾಗ ಕಾನೂನಿನ ಸಾಲುಗಳನ್ನು ಕಡಿಮೆ ಮಾಡಿ ಎಂದು ಕೇಳಲು ಯಾವ ಮ್ಯಾನೇಜರ್‌ಗೂ ಬಾಯಿ ಬರುವುದಿಲ್ಲ. ಹೆಚ್ಚೆಂದರೆ ಸರ್ವಿಸ್ ಚಾರ್ಜ್ ಮೇಲೆ ಮಾತು ನಡೆಯುತ್ತದೆ. ‘ಬೇರೆಯವರು 16 ಸಾವಿರಕ್ಕೆ ಕೊಡ್ತೀವಿ ಅಂದ್ರು’ ಎಂದರೆ ಗಾಬರಿಯಾಗಬೇಡಿ. ‘ಸರ್, ಅವರಿಂದಲೂ ಇದೇ ಥರ ಬ್ರೇಕಪ್ ತರಿಸಿಕೊಳ್ಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ’ ಎನ್ನಿ. ಅದಾದ ಮೇಲೂ 16 ಸಾವಿರವೇ ಬೇಕೆನ್ನುವವರನ್ನು ಬಿಟ್ಟುಬಿಡಿ. ನಿಮ್ಮ ಜನರಿಗೆ ಸರಿಯಾಗಿ ಸಂಬಳ ಕೊಡಲು ಬಿಡದ ಕ್ಲೈಂಟ್ ನಿಮಗೆ ಬೇಡ.

7. ಮಾತು ಕಡಿಮೆ, ಡೆಮೊ ಹೆಚ್ಚು

ಅವರ ಅತಿ ಕೊಳಕಾದ ಟಾಯ್ಲೆಟ್ ಅನ್ನೇ ಕೇಳಿ ಪಡೆಯಿರಿ. ಮೊದಲು ಫೋಟೊ ತೆಗೆಯಿರಿ, ಕೆಲಸ ಮುಗಿಸಿ ಮತ್ತೆ ಫೋಟೊ ತೆಗೆಯಿರಿ. ಕೆಂಪು ಬಟ್ಟೆ ಟಾಯ್ಲೆಟ್‌ಗೆ, ಹಸಿರು ಪ್ಯಾಂಟ್ರಿಗೆ, ನೀಲಿ ಮೇಜು ಕುರ್ಚಿಗೆ ಎಂಬ ಶಿಸ್ತನ್ನು ಅವರ ಕಣ್ಣೆದುರೇ ಪಾಲಿಸಿ. ಟಾಯ್ಲೆಟ್ ಒರೆಸಿದ ಬಟ್ಟೆಯಲ್ಲೇ ಕಾಫಿ ಮಷೀನ್ ಒರೆಸುವುದನ್ನು ಕಂಡವರಿಗೆ ಈ ಮೂರು ಬಣ್ಣಗಳ ಬೆಲೆ ತಕ್ಷಣ ತಿಳಿಯುತ್ತದೆ. ಡೆಮೊ ಉಚಿತವಿರಲಿ. ಆದರೆ ತಿಂಗಳ ಟ್ರಯಲ್ ಕೇಳಿದರೆ ಪೂರ್ತಿ ರೇಟ್‌ಗೇ ಮಾಡಿ.

8. ನಮ್ಮ ಕ್ಯಾಲೆಂಡರ್ ಹಿಡಿದು ಮಾರಿ

ಕರ್ನಾಟಕದ ಕಚೇರಿ, ಕಾರ್ಖಾನೆಗಳೆಲ್ಲ ವರ್ಷಕ್ಕೊಮ್ಮೆ ಮೂಲೆ ಮೂಲೆ ತೊಳೆಸುವುದು ಆಯುಧ ಪೂಜೆಗೆ. ಗಣೇಶ ಹಬ್ಬ ಮುಗಿದ ಕೂಡಲೇ ಫೋನ್ ಹಿಡಿಯಿರಿ. ಆಯುಧ ಪೂಜೆ ಪ್ಯಾಕೇಜ್‌ನಲ್ಲಿ ಹಬ್ಬದ ಹಿಂದಿನ ಡೀಪ್ ಕ್ಲೀನಿಂಗ್ ಜೊತೆಗೆ ಹಬ್ಬದ ಮರುದಿನದ ಕೆಲಸವನ್ನೂ ಸೇರಿಸಿ. ಗೇಟ್ ಮುಂದೆ ಒಡೆದ ಬೂದುಗುಂಬಳಕಾಯಿ, ಗ್ರಾನೈಟ್‌ಗೆ ಇಳಿದ ಕುಂಕುಮ, ಮಷೀನ್‌ಗಳ ಮೇಲಿನ ಅರಿಶಿನ ತೆಗೆಯುವ ಗೋಳು ಎಲ್ಲ ಅಡ್ಮಿನ್‌ಗಳಿಗೂ ಗೊತ್ತು. ಅದನ್ನು ಕೇಳುವ ಮೊದಲೇ ಕೊಟ್ಟರೆ ನೀವು ಅವರ ಮನುಷ್ಯರಾಗುತ್ತೀರಿ. ಒಮ್ಮೆ ಒಳಗೆ ಹೋಗಿ ಚೆನ್ನಾಗಿ ಕೆಲಸ ಮಾಡಿದವರು ತಿಂಗಳ ಕಾಂಟ್ರಾಕ್ಟ್ ಕೇಳುವುದು ಕಷ್ಟವಲ್ಲ.

ಕಲ್ಯಾಣ ಮಂಟಪಗಳಿಗೆ ಆಷಾಢದಲ್ಲಿ ಹೋಗಿ. ಮದುವೆಗಳಿಲ್ಲ, ಹಾಲ್ ಖಾಲಿ, ಶ್ರಾವಣಕ್ಕೆ ಮುಂಚೆ ಎಲ್ಲ ಸರಿ ಮಾಡಿಸುವ ಮನಸ್ಸಿರುತ್ತದೆ. ಧನುರ್ಮಾಸವೂ ಹಾಗೆಯೇ. ಶಾಲೆಗಳಿಗೆ ಏಪ್ರಿಲ್‌ನಲ್ಲೇ ಕೊಟೇಶನ್ ಕೊಡಿ, ಕೆಲಸ ಮೇ ತಿಂಗಳಲ್ಲಿ ಬರುತ್ತದೆ.

9. ಈ ಒಂದು ಕೆಲಸಕ್ಕೆ ಖಡಾಖಂಡಿತವಾಗಿ ‘ಇಲ್ಲ’ ಎನ್ನಿ

‘ಹೇಗೂ ನಿಮ್ಮ ಹುಡುಗರಿದ್ದಾರಲ್ಲ, ಸೆಪ್ಟಿಕ್ ಟ್ಯಾಂಕ್‌ಗೆ ಒಬ್ಬರನ್ನು ಇಳಿಸಿ’ ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಇಳಿಸಬೇಡಿ. ಎಸ್‌ಟಿಪಿ, ಮ್ಯಾನ್‌ಹೋಲ್, ಪಿಟ್ ಯಾವುದಕ್ಕೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಸಾಯುತ್ತಾರೆ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆನ್ನುತ್ತದೆ. ಒಳಚರಂಡಿ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಇದನ್ನು ದಂಡದ ಭಯಕ್ಕೆ ಪಾಲಿಸಬೇಡಿ. ಬೆಳಗ್ಗೆ ನಿಮ್ಮನ್ನು ನಂಬಿ ಕೆಲಸಕ್ಕೆ ಬಂದವರು ಸಂಜೆ ಮನೆಗೆ ಹೋಗಬೇಕು. ಸಕ್ಕಿಂಗ್ ಮಷೀನ್ ಇರುವ ಅಧಿಕೃತ ವಾಹನದವರ ನಂಬರ್ ಕ್ಲೈಂಟ್‌ಗೆ ಕೊಡಿ, ಅಲ್ಲಿಗೆ ಮಾತು ಮುಗಿಯಲಿ.

ಇನ್ನೊಂದು. ಬ್ಲೀಚ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಎರಡನ್ನೂ ಸೇರಿಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡಿ.

10. ಮೊದಲ ತಿಂಗಳು ನೀವೇ ಸೈಟ್‌ನಲ್ಲಿರಿ

ಕಾಂಟ್ರಾಕ್ಟ್ ಸಹಿಯಾದ ಮೇಲೆ ಮಾಲೀಕರು ಮಾಯವಾಗುವುದು ಈ ಕ್ಷೇತ್ರದ ದೊಡ್ಡ ದೂರು. ನೀವು ಹಾಗೆ ಮಾಡಬೇಡಿ. ಬೆಳಗ್ಗೆ ಹಾಜರಿ ಫೋಟೊ, ಮಧ್ಯಾಹ್ನ ಟಾಯ್ಲೆಟ್ ಚೆಕ್‌ಲಿಸ್ಟ್ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹೋಗಲಿ. ಯಾರಾದರೂ ರಜೆ ಎಂದರೆ ಕ್ಲೈಂಟ್‌ಗೆ ಗೊತ್ತಾಗುವ ಮೊದಲು ರಿಲೀವರ್ ಅಲ್ಲಿರಬೇಕು. ಸಿಬ್ಬಂದಿಯ ಹೆಸರು ಹಿಡಿದು ಮಾತಾಡಿಸಿ, ಅವರು ಊಟ ಮಾಡಲು, ಬಟ್ಟೆ ಬದಲಿಸಲು ಒಂದು ಜಾಗವನ್ನು ಕ್ಲೈಂಟ್ ಬಳಿ ಕೇಳಿ ಕೊಡಿಸಿ. ಅಂಥ ಮಾಲೀಕರನ್ನು ಅವರು ನೂರು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಬಿಟ್ಟುಹೋಗುವುದಿಲ್ಲ.

ಮೂರನೇ ತಿಂಗಳು ಚೆನ್ನಾಗಿ ನಡೆಯುತ್ತಿದ್ದರೆ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ, ಇನ್ನಿಬ್ಬರ ಹೆಸರು ಕೇಳಿ. ಸಂಕೋಚ ಬೇಡ, ಒಳ್ಳೆಯ ಏಜೆನ್ಸಿ ಗೊತ್ತಿದ್ದವರು ಅದನ್ನು ಹೇಳಲು ಕಾಯುತ್ತಿರುತ್ತಾರೆ.

11. ಎರಡು ತಿಂಗಳ ಸಂಬಳ ಕೈಯಲ್ಲಿಟ್ಟುಕೊಂಡು ಇಳಿಯಿರಿ

ಸಂಬಳ ಏಳನೇ ತಾರೀಕಿನೊಳಗೆ ಕೊಡಬೇಕು. ಜಿಎಸ್‌ಟಿ ನಿಮಗೆ ಹಣ ಬಂತೋ ಇಲ್ಲವೋ ಎಂದು ಕಾಯುವುದಿಲ್ಲ. ಕ್ಲೈಂಟ್ ಮಾತ್ರ 45 ದಿನ ಎನ್ನುತ್ತಾರೆ. ಹತ್ತು ಜನರ ಸೈಟ್ ಸಿಕ್ಕಿತೆಂದು ಕುಣಿದವರು ಎರಡನೇ ತಿಂಗಳೇ ಬಡ್ಡಿಗೆ ಸಾಲ ತರುವುದು ಇದರಿಂದ.

ಉದ್ಯಮ್ ನಂಬರ್ ಅನ್ನು ಪ್ರತಿ ಬಿಲ್ ಮೇಲೂ ಮುದ್ರಿಸಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಈ ಗಡುವು ಮೀರಿದರೆ ಕ್ಲೈಂಟ್ ತಾನು ಹಣ ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು ಎಂಬ ನಿಯಮವೂ 2023–24ರ ಹಣಕಾಸು ವರ್ಷದಿಂದ ಇದೆ. ನಿಮ್ಮ ಬಿಲ್ ತಡವಾದಾಗ ಅಕೌಂಟ್ಸ್ ವಿಭಾಗಕ್ಕೆ ಇದನ್ನು ಮೆಲುದನಿಯಲ್ಲಿ ನೆನಪಿಸಿ. ಟಿಡಿಎಸ್ ಕಳೆದೇ ಹಣ ಬರುತ್ತದೆ, ವ್ಯಕ್ತಿಗಳ ಹೆಸರಿನ ಉದ್ಯಮಕ್ಕೆ ಶೇ. 1, ಕಂಪನಿ, ಪಾಲುದಾರಿಕೆಗೆ ಶೇ. 2. ಅದನ್ನು ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸರ್ಕಾರಿ ಕಚೇರಿಗಳ ಕೆಲಸಕ್ಕೆ ಜೆಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಆದರೆ ಖಾಸಗಿ ಕ್ಲೈಂಟ್‌ಗಳಿಂದ ಉಸಿರಾಡುವಷ್ಟು ಬಂಡವಾಳ ಕೂಡಿದ ಮೇಲೆ ಬಿಡ್ ಹಾಕಿ.

12. ಏಪ್ರಿಲ್ ಬರುವ ಮುಂಚೆ ಪತ್ರ ಕೊಡಿ

ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಒಪ್ಪಂದದಲ್ಲಿ ‘ವೇತನ ಪರಿಷ್ಕರಣೆಯಾದಷ್ಟು ದರವೂ ಪರಿಷ್ಕರಣೆಯಾಗುತ್ತದೆ’ ಎಂಬ ಒಂದು ಸಾಲು ಮೊದಲೇ ಇರಬೇಕು. ಇಲ್ಲದಿದ್ದರೆ ಹೆಚ್ಚಳವೆಲ್ಲ ನಿಮ್ಮ ಜೇಬಿನಿಂದ ಹೋಗುತ್ತದೆ. ಫೆಬ್ರುವರಿಯಲ್ಲೇ ಅಡ್ಮಿನ್ ಮ್ಯಾನೇಜರನ್ನು ಭೇಟಿಯಾಗಿ, ಮುಂದಿನ ಹಣಕಾಸು ವರ್ಷದ ಬಜೆಟ್‌ನಲ್ಲಿ ಈ ಹೆಚ್ಚಳವನ್ನು ಸೇರಿಸಲು ಪತ್ರ ಕೊಡಿ. ಹೋಗುವಾಗ ವರ್ಷದ ಹಾಜರಿ ಪುಸ್ತಕ, ಪಿಎಫ್, ಇಎಸ್‌ಐ ಚಲನ್‌ಗಳು, ಬಂದ ದೂರು ಮತ್ತು ಅದನ್ನು ಸರಿಪಡಿಸಿದ ದಿನಾಂಕದ ಪಟ್ಟಿ ಜೊತೆಗಿರಲಿ. ಅಧಿಸೂಚನೆ ಬಂದ ವಾರದಲ್ಲೇ ಹೊಸ ಲೆಕ್ಕದ ಹಾಳೆ ಕಳಿಸಿ, ಸಿಬ್ಬಂದಿಗೆ ಹೆಚ್ಚಿದ ಸಂಬಳವನ್ನು ಅದೇ ತಿಂಗಳಿಂದ ಕೊಡಿ.